ಔಟ್‌ಪುಟ್ ಬಂದರೆ ಸಾಕೇ?

ಸಿ ಭಾಷೆಯ ಪಾಠ ಕೇಳಿದವರು ಮೈಸೂರಿನಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. 1946ರಲ್ಲಿ ಶುರುವಾದ ಎನ್‌ಐಇ, 1963ರಲ್ಲಿ ಹುಟ್ಟಿದ ಎಸ್‌ಜೆಸಿಇ, ಆಮೇಲೆ ನಗರದ ಸುತ್ತ ಎದ್ದ ಹಲವು ಕಾಲೇಜುಗಳು, ಹೆಬ್ಬಾಳದ ಕಡೆಯ ಇನ್ಫೋಸಿಸ್ ತರಬೇತಿ ಕ್ಯಾಂಪಸ್ಸು, ಇವೆಲ್ಲ ಸೇರಿ ಪ್ರತಿ ವರ್ಷ ಸಾವಿರಾರು ಹುಡುಗ ಹುಡುಗಿಯರನ್ನು ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸಜ್ಜುಗೊಳಿಸುತ್ತವೆ. ಇಂಜಿನಿಯರಿಂಗ್ ಲ್ಯಾಬ್ ಪರೀಕ್ಷೆಯ ಕ್ರಮವೂ ಎಲ್ಲರಿಗೂ ಗೊತ್ತು. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಬರೆಯಬೇಕು, ಕಂಪೈಲ್ ಮಾಡಿ ಓಡಿಸಬೇಕು, ವೈವಾ ಮುಗಿಸಬೇಕು. ಈ ಕ್ರಮದ ನಡುವೆ ತೀರ್ಪು ಕೊಡುವ ಪ್ರಶ್ನೆ ಒಂದೇ: ಔಟ್‌ಪುಟ್ ಬಂತಾ? ಬಂದರೆ ಅಂಕ, ಬರದಿದ್ದರೆ ಇಲ್ಲ. ನನ್ನ ತಕರಾರು ಈ ಪ್ರಶ್ನೆಯ ಬಗ್ಗೆ. ಫೈಲನ್ನು ತೆರೆಯುವ, ಓದುವ, ಬರೆಯುವ, ಮುಚ್ಚುವ ಪ್ರತಿ ಕರೆಯೂ ಪ್ರೋಗ್ರಾಮಿಗೆ ಒಂದು ಉತ್ತರ ಕೊಡುತ್ತದೆ. ಆ ಉತ್ತರವನ್ನು ನೋಡದ ಪ್ರೋಗ್ರಾಂ, ಪರದೆಯ ಮೇಲೆ ಎಷ್ಟು ಚೆಂದದ ಔಟ್‌ಪುಟ್ ತೋರಿಸಿದರೂ, ಅರ್ಧ ಮಾತ್ರ ಬರೆದ ಪ್ರೋಗ್ರಾಂ. ಅದಕ್ಕೆ ಪೂರ್ತಿ ಅಂಕ ಕೊಡುವುದು ಮಕ್ಕಳಿಗೂ ಅವರು ಮುಂದೆ ಬರೆಯುವ ವ್ಯವಸ್ಥೆಗಳನ್ನು ನಂಬಿ ಬದುಕುವ ನಮಗೂ ಮಾಡುವ ಅನ್ಯಾಯ.

ಮೊದಲು ಫೈಲ್ ಡಿಸ್ಕ್ರಿಪ್ಟರ್ ಅಂದರೆ ಏನು ಎಂಬುದು ಸ್ಪಷ್ಟವಾಗಲಿ. ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಪ್ರೋಗ್ರಾಂ ಒಂದು ಫೈಲನ್ನು ತೆರೆಯಲು ಕೇಳಿದಾಗ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆ ಫೈಲನ್ನೇ ಕೈಗೆ ಕೊಡುವುದಿಲ್ಲ, ಡಿಸ್ಕ್ರಿಪ್ಟರ್ ಎಂಬ ಒಂದು ಪುಟ್ಟ ಸಂಖ್ಯೆ ಕೊಡುತ್ತದೆ. ಅರಮನೆ ನೋಡಲು ಹೋದವರು ಚಪ್ಪಲಿ ಬಿಟ್ಟು ಟೋಕನ್ ಪಡೆಯುವ ಹಾಗೆ. ಸೊನ್ನೆ, ಒಂದು, ಎರಡು ಎಂಬ ಮೂರು ಟೋಕನ್‌ಗಳು ಪ್ರೋಗ್ರಾಂ ಹುಟ್ಟುವಾಗಲೇ ಅದರ ಕೈಯಲ್ಲಿರುತ್ತವೆ: ಇನ್‌ಪುಟ್, ಔಟ್‌ಪುಟ್, ಮತ್ತು ದೋಷ ಸಂದೇಶಗಳ ದಾರಿ. ಹೊಸದಾಗಿ ಏನನ್ನು ತೆರೆದರೂ ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯೇ ಸಿಗುತ್ತದೆ. ತೆರೆಯಲು ಆಗದಿದ್ದರೆ ಸಿಗುವುದು ಮೈನಸ್ ಒಂದು, ಕಾರಣ ಏನೆಂಬುದು ಎರ್‌ನೋ ಎಂಬ ಜಾಗದಲ್ಲಿ ಕೂತಿರುತ್ತದೆ. ಇಷ್ಟೇ ನಿಯಮ. ಆದರೆ ಈ ಪುಟ್ಟ ನಿಯಮದಲ್ಲೇ ಎಡವುವ ಜಾಗಗಳು ಬೇಕಾದಷ್ಟಿವೆ. ಡಿಸ್ಕ್ರಿಪ್ಟರ್ ಸಿಕ್ಕಿತೇ ಎಂದು ತಿಳಿಯಲು ಅದು ನಿಜವೋ ಸುಳ್ಳೋ ಎಂದಷ್ಟೇ ಪರೀಕ್ಷಿಸುವವರಿದ್ದಾರೆ. ಸಿ ಭಾಷೆಗೆ ಮೈನಸ್ ಒಂದು ಕೂಡ ನಿಜ, ಸೊನ್ನೆ ಮಾತ್ರ ಸುಳ್ಳು. ಆದರೆ ಇಲ್ಲಿ ಸೊನ್ನೆ ಸರಿಯಾದ ಡಿಸ್ಕ್ರಿಪ್ಟರ್, ಮೈನಸ್ ಒಂದು ಸೋಲು. ಅಂದರೆ ಪರೀಕ್ಷೆ ಪೂರ್ತಿ ತಲೆಕೆಳಗು. ಇನ್ನು ಕೆಲವರು ತೆರೆಯುವುದನ್ನೂ ಉತ್ತರವನ್ನು ಹೋಲಿಸುವುದನ್ನೂ ಒಂದೇ ಸಾಲಿನಲ್ಲಿ ಬರೆದು ಕಂಸ ಹಾಕುವುದನ್ನು ಮರೆಯುತ್ತಾರೆ. ಹೋಲಿಕೆ ಮೊದಲು ನಡೆದು, ಅದರ ಫಲವಾದ ಸೊನ್ನೆಯೋ ಒಂದೋ ಡಿಸ್ಕ್ರಿಪ್ಟರಿನ ಜಾಗದಲ್ಲಿ ಕೂರುತ್ತದೆ. ಆಮೇಲೆ ಆ ಪ್ರೋಗ್ರಾಂ ತಾನು ತೆರೆದ ಫೈಲನ್ನು ಓದುತ್ತಿದ್ದೇನೆಂದು ತಿಳಿದು ಕೀಬೋರ್ಡಿನ ಮುಂದೆ ಕಾಯುತ್ತಾ ಕೂತಿರುತ್ತದೆ.

ಸಂಖ್ಯೆಗಳು ಮರುಬಳಕೆಯಾಗುತ್ತವೆ ಎಂಬುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಥ್ರೆಡ್‌ಗಳಲ್ಲಿ ಒಂದು ಏಳನೇ ಡಿಸ್ಕ್ರಿಪ್ಟರನ್ನು ಮುಚ್ಚಿತು ಅನ್ನಿ. ಮರುಕ್ಷಣದಲ್ಲಿ ಇನ್ನೊಂದು ಥ್ರೆಡ್ ಬೇರೆ ಫೈಲನ್ನು ತೆರೆದರೆ ಅದಕ್ಕೂ ಏಳೇ ಸಿಗಬಹುದು. ಮೊದಲ ಥ್ರೆಡ್ ಮರೆತು ಏಳನ್ನು ಮತ್ತೊಮ್ಮೆ ಮುಚ್ಚಿದರೆ ಮುಚ್ಚಿಹೋಗುವುದು ಇನ್ನೊಬ್ಬರ ಫೈಲು. ದೋಷ ಮಾಡಿದ ಜಾಗ ಒಂದು, ಪೆಟ್ಟು ಬೀಳುವ ಜಾಗ ಮತ್ತೊಂದು. ಹುಡುಕುವವರು ತಪ್ಪು ಬೀದಿಯಲ್ಲಿ ದಿನಗಟ್ಟಲೆ ಅಲೆಯುತ್ತಾರೆ. ಇದು ಪುಸ್ತಕದ ಕಲ್ಪನೆಯಲ್ಲ. ನಮ್ಮ ಫೋನುಗಳೊಳಗೆಲ್ಲ ಇರುವ ಎಸ್‌ಕ್ಯೂಲೈಟ್ ಡೇಟಾಬೇಸಿನ ತಂಡವೇ ಬರೆದಿಟ್ಟ ಒಂದು ಪ್ರಕರಣವಿದೆ. 2013ರ ಆಗಸ್ಟ್ ಕೊನೆಯಲ್ಲಿ ಫಾಸಿಲ್ ಎಂಬ ತಂತ್ರಾಂಶದ ಮೂಲ ಭಂಡಾರವೇ ಕೆಟ್ಟುಹೋಯಿತು. ದೋಷ ಸಂದೇಶಗಳಿಗೆಂದು ಮೀಸಲಾದ ಎರಡನೇ ಡಿಸ್ಕ್ರಿಪ್ಟರನ್ನು ಯಾವುದೋ ಪ್ರೋಗ್ರಾಂ ಮೊದಲೇ ಮುಚ್ಚಿಬಿಟ್ಟಿತ್ತು. ಖಾಲಿ ಉಳಿದ ಆ ಎರಡು ಎಂಬ ಸಂಖ್ಯೆ ಡೇಟಾಬೇಸ್ ಫೈಲಿಗೆ ಸಿಕ್ಕಿತು. ಆಮೇಲೆ ಪ್ರೋಗ್ರಾಮಿನಲ್ಲಿ ಬೇರೊಂದು ತಪ್ಪು ಪತ್ತೆಯಾಗಿ ಎಚ್ಚರಿಕೆಯ ಸಂದೇಶ ಹೊರಟಿತು, ಪದ್ಧತಿಯಂತೆ ಎರಡನೇ ಡಿಸ್ಕ್ರಿಪ್ಟರಿಗೇ ಹೋಯಿತು, ಹೋಗಿ ಡೇಟಾಬೇಸಿನ ಒಂದು ಭಾಗವನ್ನು ಅಳಿಸಿ ಅದರ ಮೇಲೆ ಕೂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 3.8.1 ಆವೃತ್ತಿಯಿಂದ ಎಸ್‌ಕ್ಯೂಲೈಟ್ ಈ ಚಿಕ್ಕ ಸಂಖ್ಯೆಗಳನ್ನು ಡೇಟಾಬೇಸ್ ಫೈಲಿಗೆ ಬಳಸುವುದನ್ನೇ ನಿಲ್ಲಿಸಿತು. ಒಬ್ಬರು ಮುಚ್ಚಬಾರದ್ದನ್ನು ಮುಚ್ಚಿದ್ದಕ್ಕೆ ಇನ್ನೊಬ್ಬರ ದಾಖಲೆ ಬಲಿಯಾದದ್ದು ಹೀಗೆ.

ಮುಚ್ಚಬೇಕಾದ್ದನ್ನು ಮುಚ್ಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಅಳತೆಯಲ್ಲೇ ಒಂದು ಲೆಕ್ಕ ಹಾಕೋಣ. ನಗರ ಸಾರಿಗೆ ಬಸ್ಸುಗಳಿಗೆ ಜಿಪಿಎಸ್ ಜೋಡಿಸಿ, ಯಾವ ಬಸ್ಸು ಎಲ್ಲಿದೆ ಎಂದು ನಿಲ್ದಾಣದ ಫಲಕಗಳಲ್ಲಿ ತೋರಿಸುವ ಮಿತ್ರ ಯೋಜನೆ ಇಲ್ಲಿ ಜಾರಿಯಾದದ್ದು 2012ರಲ್ಲಿ. ಅದರ ವ್ಯಾಪ್ತಿಗೆ ಬಂದದ್ದು ಸುಮಾರು 500 ಬಸ್ಸು. ಆ ವ್ಯವಸ್ಥೆಯ ಒಳರಚನೆಯ ಬಗ್ಗೆ ನಾನು ಏನನ್ನೂ ಹೇಳುತ್ತಿಲ್ಲ, ಅದರ ಗಾತ್ರವನ್ನಷ್ಟೇ ಎರವಲು ಪಡೆಯುತ್ತಿದ್ದೇನೆ. ಅಷ್ಟೇ ಬಸ್ಸುಗಳಿಂದ ಸ್ಥಳದ ಮಾಹಿತಿ ಪಡೆಯುವ ಸರ್ವರ್ ಒಂದನ್ನು ನಮ್ಮ ವಿದ್ಯಾರ್ಥಿಯೊಬ್ಬರು ಸಿ ಭಾಷೆಯಲ್ಲಿ ಬರೆದರು ಎಂದುಕೊಳ್ಳಿ. ಜಾಲದ ಮೂಲಕ ಬರುವ ಪ್ರತಿ ಸಂಪರ್ಕವೂ ಒಂದು ಡಿಸ್ಕ್ರಿಪ್ಟರೇ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಮಿತಿ 1024. ಹುಟ್ಟಿನಿಂದ ಬಂದ ಮೂರು, ಸಂಪರ್ಕಗಳಿಗೆ ಕಿವಿಗೊಟ್ಟು ಕೂರುವ ಸಾಕೆಟ್ ಒಂದು, ಬಸ್ಸುಗಳು 500, ಉಳಿದದ್ದು 520. ಈಗ ಬಸ್ಸೊಂದು ಸಿಗ್ನಲ್ ಇಲ್ಲದ ಕಡೆ ಹಾದು ಸಂಪರ್ಕ ಕಡಿದುಕೊಂಡು ಮತ್ತೆ ಸೇರುತ್ತದೆ. ಹಳೆಯ ಡಿಸ್ಕ್ರಿಪ್ಟರನ್ನು ಮುಚ್ಚುವುದನ್ನು ಪ್ರೋಗ್ರಾಂ ಮರೆತಿದ್ದರೆ ಅದು ಹಾಗೇ ಉಳಿಯುತ್ತದೆ, ಹೊಸದೊಂದು ಖರ್ಚಾಗುತ್ತದೆ. ಎಲ್ಲ ಬಸ್ಸುಗಳೂ ಒಂದೊಂದು ಸಲ ಹೀಗೆ ಸಂಪರ್ಕ ಕಡಿದುಕೊಂಡರೆ ಉಳಿಯುವುದು ಬರೀ ಇಪ್ಪತ್ತು. ಎರಡನೇ ಸುತ್ತಿನಲ್ಲಿ ಇಪ್ಪತ್ತು ಬಸ್ಸು ಮತ್ತೆ ಸೇರುವ ಹೊತ್ತಿಗೆ ಸರ್ವರ್ ಹೊಸ ಯಾರನ್ನೂ ಒಳಗೆ ಬಿಟ್ಟುಕೊಳ್ಳಲಾರದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಲ್ಯಾಬಿನಲ್ಲಿ ಎಂದೂ ಕಾಣಿಸದ ಸೂಕ್ಷ್ಮ. ಸಿಗ್ನಲ್ ಹೋದ ಬಸ್ಸು ತಾನು ಹೋದೆನೆಂದು ಹೇಳಿ ಹೋಗುವುದಿಲ್ಲ. ಆಚೆ ಬದಿ ಮೌನವಾದಾಗ ಜಾಲದ ಸಂಪರ್ಕವನ್ನು ನಡೆಸುವ ಟಿಸಿಪಿ ತಾನಾಗಿ ವಿಚಾರಿಸುವುದೂ ಇಲ್ಲ. ವಿಚಾರಿಸುವ ಸೌಲಭ್ಯವನ್ನು ಪ್ರೋಗ್ರಾಂ ಕೇಳಿಯೇ ಪಡೆಯಬೇಕು, ಕೇಳಿ ಪಡೆದರೂ ಲಿನಕ್ಸ್ ಮೊದಲ ವಿಚಾರಣೆಗೆ 7200 ಸೆಕೆಂಡು, ಅಂದರೆ ಎರಡು ಗಂಟೆ, ಕಾಯುತ್ತದೆ. ಹಾಗಾಗಿ ಎಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ಸಂಪರ್ಕ ಸತ್ತಿತೆಂದು ತಿಳಿಯಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸಬೇಕು. ಮಿತಿ ಮುಗಿದ ಮೇಲಂತೂ ಪರಿಣಾಮ ಇನ್ನೂ ಕೆಡುಕು. ಹೊಸ ಸಂಪರ್ಕ ಸ್ವೀಕರಿಸುವ ಕರೆ ಮೈನಸ್ ಒಂದು ಕೊಡುತ್ತದೆ, ಆದರೆ ಬಾಗಿಲಲ್ಲಿ ಬಂದು ನಿಂತ ಸಂಪರ್ಕ ಅಲ್ಲೇ ಇರುತ್ತದೆ. ಉತ್ತರ ನೋಡದ ಪ್ರೋಗ್ರಾಂ ಮತ್ತೆ ಕರೆಯುತ್ತದೆ, ಮತ್ತೆ ಸೋಲುತ್ತದೆ, ಸೆಕೆಂಡಿಗೆ ಸಾವಿರಾರು ಸಲ ಸೋಲುತ್ತಾ ಪ್ರೊಸೆಸರನ್ನೇ ತಿಂದುಹಾಕುತ್ತದೆ. ಕೌಂಟರಿನಲ್ಲಿ ಕೂತವರು ‘ಸರ್ವರ್ ಡೌನ್’ ಅನ್ನುತ್ತಾರೆ. ಯಾರೋ ಬಂದು ರೀಸ್ಟಾರ್ಟ್ ಮಾಡುತ್ತಾರೆ, ಎಲ್ಲ ಸರಿಹೋಗುತ್ತದೆ. ಸರಿಹೋಗಲು ಕಾರಣವಿಷ್ಟೇ: ಪ್ರೋಗ್ರಾಂ ಸತ್ತಾಗ ಅದು ಹಿಡಿದಿದ್ದ ಎಲ್ಲ ಡಿಸ್ಕ್ರಿಪ್ಟರುಗಳನ್ನು ಕರ್ನಲ್ ತಾನೇ ಮುಚ್ಚುತ್ತದೆ. ರೋಗ ಹಾಗೇ ಇದೆ, ಮುಂದಿನ ವಾರ ಮತ್ತೆ ಬರುತ್ತದೆ. ಮಿತಿಯನ್ನು ಹೆಚ್ಚಿಸಿದರಾಯಿತು ಎನ್ನುವವರು ಒಂದನ್ನು ಗಮನಿಸಬೇಕು. ಹಲವು ಸಂಪರ್ಕಗಳ ಮೇಲೆ ಒಟ್ಟಿಗೆ ಕಣ್ಣಿಡುವ ಹಳೆಯ ಸೆಲೆಕ್ಟ್ ವಿಧಾನ ಬಳಸಿ ಬರೆದ ಪ್ರೋಗ್ರಾಂ 1024 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಸಿಕ್ಕರೆ ತನ್ನದಲ್ಲದ ಮೆಮೊರಿಯ ಮೇಲೆ ಬರೆಯತೊಡಗುತ್ತದೆ. ಸೋರಿಕೆ ನಿಲ್ಲಿಸದೆ ತೊಟ್ಟಿ ದೊಡ್ಡದು ಮಾಡಿದರೆ ಹೊಸ ತಪ್ಪಿಗೆ ದಾರಿಯಾಗುತ್ತದೆ ಅಷ್ಟೇ.

ಇಷ್ಟು ತೆರೆಯುವ, ಮುಚ್ಚುವ ಮಾತಾಯಿತು. ಬರೆಯುವ ಕರೆಯ ವಿಷಯ ಇನ್ನೂ ಗಂಭೀರ, ಯಾಕೆಂದರೆ ಅಲ್ಲಿ ಕಳೆದುಹೋಗುವುದು ಜನರ ದಾಖಲೆ. ಸಾವಿರ ಬೈಟ್ ಬರೆ ಎಂದು ಕೇಳಿದರೆ ರೈಟ್ ಕರೆ ಆರುನೂರು ಬರೆದು ಆರುನೂರು ಎಂದು ಉತ್ತರಿಸಬಹುದು. ಅದು ಸೋಲಲ್ಲ, ಉಳಿದ ನಾನೂರನ್ನು ಮತ್ತೆ ಬರೆಯುವ ಹೊಣೆ ಪ್ರೋಗ್ರಾಮಿನದು. ನಡುವೆ ಕರ್ನಲ್ ತಲುಪಿಸುವ ಸಿಗ್ನಲ್ ಎಂಬ ಸೂಚನೆ ಬಂದು ಕರೆ ಅರ್ಧಕ್ಕೇ ಹಿಂತಿರುಗಬಹುದು, ಆಗ ಪುನಃ ಪ್ರಯತ್ನಿಸಬೇಕು. ಡಿಸ್ಕ್ ತುಂಬಿರಬಹುದು, ಆಗ ಪುನಃ ಪ್ರಯತ್ನಿಸಿ ಪ್ರಯೋಜನವಿಲ್ಲ. ಒಂದೇ ಮೈನಸ್ ಒಂದರ ಹಿಂದೆ ಇಷ್ಟು ಬೇರೆ ಬೇರೆ ಕಾರಣಗಳಿರುವುದರಿಂದಲೇ ಎರ್‌ನೋ ನೋಡಬೇಕಾದದ್ದು, ಅದೂ ಕರೆ ಸೋತ ತಕ್ಷಣ ನೋಡಬೇಕಾದದ್ದು. ನಡುವೆ ಒಂದು ಪ್ರಿಂಟ್‌ಎಫ್ ಹಾಕಿದರೂ ಅದರಲ್ಲಿದ್ದ ಕಾರಣ ಅಳಿಸಿಹೋಗಬಹುದು.

ಎಲ್ಲರೂ ಮೊದಲ ದಿನ ಬರೆಯುವ ‘ಹೆಲೋ ವರ್ಲ್ಡ್’ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ಡೆವ್ ಡೈರೆಕ್ಟರಿಯೊಳಗೆ ಫುಲ್ ಎಂಬ ಹೆಸರಿನ ಒಂದು ವಿಶೇಷ ಫೈಲಿದೆ. ಅದು ಸದಾ ತುಂಬಿದ ಡಿಸ್ಕಿನಂತೆ ವರ್ತಿಸುತ್ತದೆ, ಏನು ಬರೆದರೂ ಜಾಗವಿಲ್ಲ ಎನ್ನುತ್ತದೆ. ಹೆಲೋ ವರ್ಲ್ಡ್‌ನ ಔಟ್‌ಪುಟ್ಟನ್ನು ಆ ಫೈಲಿಗೆ ತಿರುಗಿಸಿ ನೋಡಿ. ಒಂದಕ್ಷರವೂ ಬರೆದಿರುವುದಿಲ್ಲ, ಆದರೂ ಪ್ರೋಗ್ರಾಂ ಎಲ್ಲ ಸರಿಯಾಯಿತೆಂದು ಸೊನ್ನೆ ಹಿಂತಿರುಗಿಸಿ ಮುಗಿಯುತ್ತದೆ. ಪ್ರಿಂಟ್‌ಎಫ್ ಅಕ್ಷರಗಳನ್ನು ಬಫರಿನಲ್ಲಿ ಇಟ್ಟುಕೊಂಡು ಗೆದ್ದೆನೆಂದು ಹೇಳಿತ್ತು. ನಿಜವಾದ ಬರವಣಿಗೆ ಪ್ರೋಗ್ರಾಂ ಮುಗಿಯುವಾಗ ನಡೆದು ಸೋತಿತು. ಆ ಸೋಲನ್ನು ಕೇಳುವವರು ಯಾರೂ ಇರಲಿಲ್ಲ. ಸಿ ಭಾಷೆಯನ್ನು ಜಗತ್ತಿಗೆ ಕಲಿಸಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕರ್ನಿಗನ್ ಮತ್ತು ರಿಚಿಯವರ ಪುಸ್ತಕದ 1988ರ ಎರಡನೇ ಆವೃತ್ತಿಯಲ್ಲಿ, ಏಳನೇ ಅಧ್ಯಾಯದಲ್ಲಿ, ಫೈಲುಗಳನ್ನು ಜೋಡಿಸಿ ತೋರಿಸುವ ಪುಟ್ಟ ಕ್ಯಾಟ್ ಪ್ರೋಗ್ರಾಂ ಇದೆ. ಅದು ಕೊನೆಯಲ್ಲಿ ಔಟ್‌ಪುಟ್‌ನಲ್ಲಿ ದೋಷವಾಯಿತೇ ಎಂದು ಪರೀಕ್ಷಿಸಿ, ಆಗಿದ್ದರೆ ಬೇರೆಯದೇ ಸಂಖ್ಯೆ ಕೊಟ್ಟು ಹೊರಬೀಳುತ್ತದೆ. ಅಷ್ಟು ಚಿಕ್ಕ ಉದಾಹರಣೆಯಲ್ಲೂ ಅವರು ಅದನ್ನು ಬಿಡಲಿಲ್ಲ. ನಮ್ಮ ಲ್ಯಾಬ್ ರೆಕಾರ್ಡುಗಳಿಗೆ ಆ ಪುಸ್ತಕದ ಮೊದಲ ಸಾಲುಗಳು ಇಳಿದು ಬಂದವು, ಈ ಸಾಲುಗಳು ಬರಲಿಲ್ಲ.

ರೈಟ್ ಕರೆ ಪೂರ್ತಿ ಗೆದ್ದರೂ ಮಾತು ಮುಗಿಯುವುದಿಲ್ಲ. ಅಕ್ಷರಗಳು ಆಗ ಕರ್ನಲ್‌ನ ಮೆಮೊರಿಯಲ್ಲಿರುತ್ತವೆ, ಡಿಸ್ಕಿನಲ್ಲಲ್ಲ. ಡಿಸ್ಕಿಗೆ ತಲುಪಿಸು ಎಂದು ಕೇಳುವ ಕರೆ ಎಫ್‌ಸಿಂಕ್. ಅದರ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದರಲ್ಲಿ ಜಗತ್ತಿನ ಅತ್ಯಂತ ಎಚ್ಚರದ ತಂಡಗಳಲ್ಲೊಂದು ಎಡವಿತು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಕ್ರೇಗ್ ರಿಂಗರ್ ಒಂದು ಸಂಗತಿಯನ್ನು ಬೆಳಕಿಗೆ ತಂದರು. ಲಿನಕ್ಸ್‌ನಲ್ಲಿ ಎಫ್‌ಸಿಂಕ್ ಒಮ್ಮೆ ಸೋತರೆ, ಬರೆಯಲಾಗದ ಆ ಪುಟಗಳನ್ನು ಕರ್ನಲ್ ಬರೆದಾಯಿತು ಎಂಬಂತೆ ಗುರುತು ಮಾಡಿಬಿಡಬಹುದು. ಹಾಗಾದಾಗ ಎರಡನೇ ಸಲ ಎಫ್‌ಸಿಂಕ್ ಕರೆದರೆ ಅದು ಗೆದ್ದೆ ಎನ್ನುತ್ತದೆ, ಮಾಹಿತಿ ಮಾತ್ರ ಡಿಸ್ಕ್ ಸೇರಿರುವುದೇ ಇಲ್ಲ. ಪೋಸ್ಟ್‌ಗ್ರೆಸ್ ವರ್ಷಾನುಗಟ್ಟಲೆ, ಸೋತರೆ ಮತ್ತೊಮ್ಮೆ ಪ್ರಯತ್ನಿಸೋಣ ಎಂಬ ನಂಬಿಕೆಯ ಮೇಲೆ ನಡೆದಿತ್ತು. 2019ರ ಫೆಬ್ರವರಿಯಲ್ಲಿ ಬಂದ ಆವೃತ್ತಿಗಳಲ್ಲಿ ಅದನ್ನು ಬದಲಿಸಿ, ಎಫ್‌ಸಿಂಕ್ ಸೋತರೆ ಇಡೀ ಸರ್ವರ್ ನಿಂತು, ಮೊದಲೇ ಬರೆದಿಟ್ಟ ಲಾಗ್‌ನಿಂದ ಚೇತರಿಸಿಕೊಳ್ಳುವಂತೆ ಮಾಡಿದರು. ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಆ ತೀರ್ಮಾನ. ಸುಳ್ಳು ಹೇಳುತ್ತಾ ನಡೆಯುವುದಕ್ಕಿಂತ ನಿಲ್ಲುವುದೇ ಸರಿ ಎಂದು ಅವರು ಒಪ್ಪಿಕೊಂಡರು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಡಿಸ್ಕ್ ತುಂಬುವುದು, ಕರೆ ಸೋಲುವುದು ಅಪರೂಪ, ಅದಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುತ್ತಾರೆ. ಒಂದು ಯಂತ್ರದಲ್ಲಿ ಅಪರೂಪ, ನಿಜ. ನಿತ್ಯ ಲಕ್ಷಾಂತರ ವಹಿವಾಟು ನಡೆಯುವ ಕಡೆ ಅಪರೂಪದ್ದು ವಾರಕ್ಕೊಮ್ಮೆ ಬರುತ್ತದೆ, ಮತ್ತು ಬಂದಾಗ ಪ್ರೋಗ್ರಾಂ ಹಿಂದೆಂದೂ ನಡೆಯದ ದಾರಿಯಲ್ಲಿ ಕಾಲಿಡುತ್ತದೆ. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಐದು ದೊಡ್ಡ ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಬಿಡಿಸಿ ನೋಡಿದರು. ಇಡೀ ವ್ಯವಸ್ಥೆಯನ್ನೇ ಮಲಗಿಸಿದ ಮಹಾ ವೈಫಲ್ಯಗಳಲ್ಲಿ ಶೇ. 92ರಷ್ಟಕ್ಕೆ ಕಾರಣ, ತಂತ್ರಾಂಶ ತಾನೇ ಸ್ಪಷ್ಟವಾಗಿ ಕೊಟ್ಟ ದೋಷ ಸೂಚನೆಯನ್ನು ತಪ್ಪಾಗಿ ನಿಭಾಯಿಸಿದ್ದು. ಸೂಚನೆ ಬಂದಿತ್ತು, ಸ್ವೀಕರಿಸುವ ಕಡೆಯಲ್ಲಿ ತಪ್ಪಾಯಿತು.

ಇದು ಕಲಿಯುವ ಮಕ್ಕಳ ಸಮಸ್ಯೆ, ಅನುಭವ ಬಂದಂತೆ ಸರಿಹೋಗುತ್ತದೆ ಎಂಬ ಮಾತೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2008ರಲ್ಲಿ ಲಿನಕ್ಸ್ 2.6ರ ಎಲ್ಲ ಫೈಲ್ ಸಿಸ್ಟಂಗಳನ್ನೂ ಮೂರು ಮುಖ್ಯ ಡಿಸ್ಕ್ ಡ್ರೈವರುಗಳನ್ನೂ ಜಾಲಾಡಿ ನೋಡಿದಾಗ 1153 ಕಡೆಗಳಲ್ಲಿ, ಅಂದರೆ ನೋಡಿದ ಕರೆಗಳ ಶೇ. 13ರಲ್ಲಿ, ದೋಷದ ಸಂಕೇತವನ್ನು ಯಾರೂ ನಿಭಾಯಿಸದೆ ಕೈಬಿಟ್ಟದ್ದು ಕಂಡಿತು. ಬರೆದವರು ಅನನುಭವಿಗಳಲ್ಲ. ಅನುಭವ ತಾನಾಗಿ ಈ ಅಭ್ಯಾಸವನ್ನು ಕಲಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿಲ್ಲ. ಅದು ಮೊದಲ ವರ್ಷವೇ ಕೈಗೆ ಹತ್ತಬೇಕು.

ಹೆಚ್ಚು ತೂಕದ ಆಕ್ಷೇಪ ಕ್ಲೋಸ್ ಕರೆಯ ಬಗ್ಗೆ. ಮುಚ್ಚುವುದೇ ಸೋತರೆ ಮಾಡುವುದೇನು, ಮತ್ತೆ ಮುಚ್ಚಬೇಕೇ? ಇಲ್ಲ. ಲಿನಕ್ಸ್‌ನಲ್ಲಿ ಕ್ಲೋಸ್ ದೋಷ ತೋರಿಸಿದರೂ ಡಿಸ್ಕ್ರಿಪ್ಟರ್ ಬಿಡುಗಡೆಯಾಗಿಯೇ ಇರುತ್ತದೆ. ಮತ್ತೆ ಮುಚ್ಚಿದರೆ ಆಗಲೇ ಹೇಳಿದ ಹಾಗೆ ಇನ್ನೊಬ್ಬರ ಫೈಲಿಗೆ ಕುತ್ತು. ಎಚ್‌ಪಿ-ಯುಎಕ್ಸ್‌ನಂಥ ಹಳೆಯ ಯುನಿಕ್ಸ್‌ಗಳಲ್ಲಿ ಸಿಗ್ನಲ್ ಬಂದು ಕ್ಲೋಸ್ ನಿಂತರೆ ಅದು ತೆರೆದೇ ಇರುತ್ತಿತ್ತು. ಈ ವ್ಯತ್ಯಾಸ ನಿಜವಾಗಿಯೂ ಕಿರಿಕಿರಿಯದು, ಅದನ್ನು ಒಪ್ಪುತ್ತೇನೆ. ಆದರೆ ಮತ್ತೆ ಮುಚ್ಚಬೇಡಿ ಎಂದರೆ ಉತ್ತರ ನೋಡಬೇಡಿ ಎಂದಲ್ಲ. ಎನ್‌ಎಫ್‌ಎಸ್ ಮೂಲಕ ಬೇರೆ ಯಂತ್ರದ ಡಿಸ್ಕಿಗೆ ಬರೆಯುವಾಗ, ಅಥವಾ ಒಬ್ಬೊಬ್ಬರಿಗೆ ಇಷ್ಟೇ ಜಾಗವೆಂದು ಕೋಟಾ ಇರುವಾಗ, ಬರವಣಿಗೆ ಸೋತ ಸುದ್ದಿ ಕ್ಲೋಸ್ ಹೊತ್ತಿಗಷ್ಟೇ ಬರಬಹುದು. ಫೈಲು ಉಳಿಯಿತು ಎಂದು ಬಳಕೆದಾರರಿಗೆ ಹೇಳುವ ಮೊದಲು ಆ ಸುದ್ದಿ ಕೇಳಿಸಿಕೊಂಡರೆ ಮೂಲ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳಬಹುದಲ್ಲ.

ಪ್ರತಿ ಸಾಲಿಗೂ ಪರೀಕ್ಷೆ ಹಾಕಿದರೆ ಪ್ರೋಗ್ರಾಂ ಓದಲಾರದಷ್ಟು ಉದ್ದವಾಗುತ್ತದೆ ಎಂಬುದಕ್ಕೆ ಸಿ ಬಲ್ಲವರು ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಡಿಸ್ಕ್ರಿಪ್ಟರುಗಳಿಗೆಲ್ಲ ಮೊದಲೇ ಮೈನಸ್ ಒಂದು ಇಟ್ಟು, ಎಲ್ಲಿ ಸೋತರೂ ಫಂಕ್ಷನ್ನಿನ ಕೊನೆಯ ಒಂದೇ ಜಾಗಕ್ಕೆ ಗೋಟೂ ಮೂಲಕ ಬಂದು, ತೆರೆದದ್ದನ್ನು ತೆರೆದ ಕ್ರಮದ ತಿರುಗುಮುರುಗಾಗಿ ಮುಚ್ಚುವುದು. ಗೋಟೂ ಬಳಸಲೇಬಾರದೆಂದು ತರಗತಿಯಲ್ಲಿ ಕಲಿಸುತ್ತೇವೆ. ಲಿನಕ್ಸ್ ಕರ್ನಲ್‌ನ ಶೈಲಿ ಕೈಪಿಡಿಯೇ ಈ ಒಂದು ಕೆಲಸಕ್ಕೆ ಅದನ್ನು ಒಪ್ಪುತ್ತದೆ. ಕಂಪೈಲರೂ ಸಹಾಯಕ್ಕಿದೆ. ಉಬುಂಟುವಿನಲ್ಲಿ ಆಪ್ಟಿಮೈಸೇಷನ್ ಹಾಕಿ ಕಂಪೈಲ್ ಮಾಡಿದರೆ ರೈಟ್ ಉತ್ತರವನ್ನು ಕಡೆಗಣಿಸಿದ್ದೀರಿ ಎಂದು ಜಿಸಿಸಿ ಎಚ್ಚರಿಸುತ್ತದೆ. ವಾರ್ನಿಂಗ್ ತಾನೇ, ಎರರ್ ಅಲ್ಲವಲ್ಲ ಎಂದು ಮುಂದೆ ಹೋಗುವ ರೂಢಿ ಲ್ಯಾಬಿನಲ್ಲೇ ಬೇರೂರುತ್ತದೆ.

ಸಿ ಹಳೆಯದಾಯಿತು, ಹೊಸ ಭಾಷೆಗಳಲ್ಲಿ ಈ ತಾಪತ್ರಯವಿಲ್ಲ ಎಂಬುದು ಅರ್ಧ ಸತ್ಯ. ಗೋ, ರಸ್ಟ್, ಪೈಥಾನ್ ಭಾಷೆಗಳು ಹಲವು ತಪ್ಪುಗಳನ್ನು ಬಾಗಿಲಲ್ಲೇ ತಡೆಯುತ್ತವೆ, ಅದು ದೊಡ್ಡ ಉಪಕಾರ. ಆದರೆ ಡಿಸ್ಕ್ರಿಪ್ಟರ್ ಭಾಷೆಯದಲ್ಲ, ಕರ್ನಲ್‌ನದು. ಡಾಕರ್, ಕುಬರ್ನೆಟಿಸ್‌ಗಳ ತಳದಲ್ಲಿರುವ ರನ್‌ಸಿ ಎಂಬ ತಂತ್ರಾಂಶದ ಬಹುಪಾಲು ಗೋ ಭಾಷೆಯದು. 2024ರ ಜನವರಿ 31ರಂದು ಅದರ ಒಂದು ಗಂಭೀರ ದೋಷ ಬಹಿರಂಗವಾಯಿತು: ಮುಚ್ಚಬೇಕಿದ್ದ ಒಂದು ಡಿಸ್ಕ್ರಿಪ್ಟರ್, ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಕಂಟೇನರಿನೊಳಕ್ಕೆ ಸೋರಿಹೋಗುತ್ತಿತ್ತು. ಅದನ್ನು ಹಿಡಿದು ಕಂಟೇನರಿನಿಂದ ಹೊರಗಿನ ಯಂತ್ರದ ಫೈಲುಗಳನ್ನೇ ತಲುಪಬಹುದಿತ್ತು. 1.1.12 ಆವೃತ್ತಿಯಲ್ಲಿ ತೇಪೆ ಬಿತ್ತು. ರಸ್ಟ್ ಭಾಷೆಯ ಕೈಪಿಡಿಯೂ ಫೈಲು ತಾನಾಗಿ ಮುಚ್ಚುವಾಗ ಬರುವ ದೋಷಗಳನ್ನು ಕಡೆಗಣಿಸುತ್ತೇವೆ ಎಂದು ಬರೆದೇ ಇಟ್ಟಿದೆ. ಸಿ ಭಾಷೆಯಲ್ಲಿ ಈ ಪಾಠ ಕಲಿತ ವಿದ್ಯಾರ್ಥಿ ಯಾವ ಭಾಷೆಗೆ ಹೋದರೂ ಎಲ್ಲಿ ಕಣ್ಣಿಡಬೇಕೆಂದು ಬಲ್ಲ.

ಇದನ್ನು ಕಲಿಸಲು ಹೊಸ ವಿಷಯವೂ ಬೇಡ, ಹೊಸ ಯಂತ್ರವೂ ಬೇಡ. ಒಂದು ಫೈಲನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಂ ಲ್ಯಾಬುಗಳಲ್ಲಿ ಹಳೆಯ ಪರಿಚಿತ. ಅದನ್ನೇ ಕೊಡಲಿ. ಔಟ್‌ಪುಟ್ ಬಂದ ಮೇಲೆ ಪರೀಕ್ಷಕರು ಇನ್ನು ಮೂರು ಸಲ ಓಡಿಸಲಿ. ಒಮ್ಮೆ ಸದಾ ತುಂಬಿರುವ ಆ ಡೆವ್ ಫುಲ್ ಫೈಲಿಗೆ ನಕಲು ಮಾಡಿಸಿ, ಪ್ರೋಗ್ರಾಂ ಸೋಲನ್ನು ಒಪ್ಪಿಕೊಂಡು ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಹೊರಬಂತೇ ಎಂದು ನೋಡಲಿ. ಒಮ್ಮೆ ಯುಲಿಮಿಟ್ ಆದೇಶದಿಂದ ಡಿಸ್ಕ್ರಿಪ್ಟರ್ ಮಿತಿಯನ್ನು ಹತ್ತಕ್ಕಿಳಿಸಿ ನೂರು ಫೈಲುಗಳನ್ನು ಒಂದೇ ಓಟದಲ್ಲಿ ನಕಲು ಮಾಡಿಸಲಿ. ಸೋರುವ ಪ್ರೋಗ್ರಾಂ ಒಂದು ಹೆಜ್ಜೆಯಲ್ಲಿ ಎರಡು ಡಿಸ್ಕ್ರಿಪ್ಟರ್ ಬಳಸುವುದರಿಂದ ನಾಲ್ಕನೇ ಫೈಲಿಗೇ ಸಿಕ್ಕಿಬೀಳುತ್ತದೆ. ಮೂರನೆಯದಾಗಿ, ಸ್ಟ್ರೇಸ್ ಎಂಬ ಉಪಕರಣದಿಂದ ಯಾವುದಾದರೂ ಒಂದು ರೈಟ್ ಕರೆಯನ್ನು ಬೇಕೆಂದೇ ಸೋಲಿಸಲಿ, ಅದಕ್ಕೆ ಒಂದೇ ಸಾಲಿನ ಆದೇಶ ಸಾಕು. ಇಷ್ಟಕ್ಕೂ ಸೇರಿ ಐದು ನಿಮಿಷ ಹಿಡಿಯುವುದಿಲ್ಲ. ಅರ್ಧ ಅಂಕ ಔಟ್‌ಪುಟ್‌ಗೆ ಇರಲಿ, ಉಳಿದರ್ಧ ಈ ಮೂರು ಓಟಗಳಿಗೆ ಸಲ್ಲಲಿ. ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಮೌಲ್ಯಮಾಪನವನ್ನು ತಾವೇ ರೂಪಿಸುವ ಅಧಿಕಾರ ಇದೆ. ಮುಂದಿನ ಸೆಮಿಸ್ಟರಿನ ಇಂಟರ್ನಲ್ಸ್‌ನಿಂದಲೇ ಶುರುಮಾಡಲು ಅವರಿಗೆ ಯಾರ ಆದೇಶವೂ ಬೇಕಿಲ್ಲ.